ಜಯಲತಾ ಟೈಪು ಮಾಡಿದ ದೇರ್‌ಫೋರ್

ಶಹಾಡ್ ಸ್ಟೇಷನ್ನಿನಲ್ಲಿ ಸಂಜೆಯ ಲೋಕಲ್ ರೈಲಿಗೆ ಕಾಯುತ್ತಿದ್ದ ಜಯಲತಾ, ಲೇಡೀಸ್ ಡಬ್ಬ ನಿಲ್ಲುವ ಜಾಗಕ್ಕೆ ಗಂಡಸೊಬ್ಬ ನೇರ ತನ್ನತ್ತಲೇ ನಡೆದು ಬರುವುದನ್ನು ಕಂಡು ಚೀಲವನ್ನು ಎದೆಗೆ ಅವಚಿಕೊಂಡಳು. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು. ಅವಳು ಸ್ಟೆನೋ ಆಗಿದ್ದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಶಂಕ್ರೆಪ್ಪ. ಉಗಿಯ ಪೈಪು ಒಡೆದು ಚೆನ್ನಯ ಎಂಬ ಕೆಲಸಗಾರನ ಮೈ ಬೆಂದು ಹೋದ ದಿನದಿಂದ ಅವನು ಸಸ್ಪೆಂಡ್ ಆಗಿದ್ದ.

"ಅಕ್ಕಾರ, ಒಂದ್ ಮಾತು ಕೇಳ್ಬೇಕಾಗಿತ್ರಿ," ಎಂದು ಅವನು ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದ. ಜಯಲತಾಳಿಗೆ ಕಾಗದ ಬಿಚ್ಚುವ ಮೊದಲೇ ಗೊತ್ತಾಯಿತು. ಅವಳೇ ಟೈಪು ಮಾಡಿದ ಅವನ ಹೇಳಿಕೆ. ಕೊನೆಯ ಸಾಲಿನಲ್ಲಿ ಒಂದು ಶಬ್ದದ ಕೆಳಗೆ ಯಾರೋ ಕೆಂಪು ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದಿದ್ದರು.

"ಯೂನಿಯನ್ನಿನ ಸೋಮಣ್ಣ ಓದಿ ಹೇಳ್ಯಾನ್ರಿ. ಎಲ್ಲಾ ಬರೋಬ್ಬರಿ ಐತಿ, ಈ ಒಂದ್ ಶಬ್ದ ನಿನ್ನ ಮುಳುಗಿಸ್ತೈತಿ ಅಂದಾನ್ರಿ. ದೇರ್‌ಫೋರ್ ಅಂದ್ರ ಏನ್ರೀ?"

ಜಯಲತಾ ಕೆಂಪು ಗೆರೆಗಳನ್ನು ನೋಡಿದಳು. "ದೇರ್‌ಫೋರ್ ಅಂದ್ರೆ... ಆದ್ದರಿಂದ. ಆ ಕಾರಣಕ್ಕೆ ಅಂತ."

"ನಾ ಉಗಿ ಬಿಡೋ ವಾಲ್ ತಿರುವಿದೆ, ಆ ಕಾರಣಕ್ಕ ಪೈಪ್ ಒಡೀತು. ಹಂಗಾತೇನ್ರಿ?"

"ಹೌದು."

"ನಾ ಹಂಗ ಅಂದಿದ್ನೇನ್ರಿ?"

ಗಾಡಿ ಬಂತು. ಜಯಲತಾ ಜನರ ನಡುವೆ ತೂರಿಕೊಂಡು ಹತ್ತಿಬಿಟ್ಟಳು. ಕಿಟಕಿಯ ಸರಳಿನಾಚೆ ಶಂಕ್ರೆಪ್ಪ ಕಾಗದ ಹಿಡಿದು ನಿಂತೇ ಇದ್ದ.

ಅವನು ಹಾಗೆ ಅಂದಿರಲಿಲ್ಲ. ವಿಚಾರಣೆಯ ದಿನ ಆಫೀಸಿನಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ ಎಂದು ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನೂ ಅವಳಿಗೇ ಹಚ್ಚಿದ್ದರು. ಶಂಕ್ರೆಪ್ಪ ಇಂಡಿ ಕಡೆಯವನು, ಅವಳು ಕಾರ್ಕಳದವಳು. ಆದರೂ ಮಾತು ತಿಳಿಯದೆ ಇರಲಿಲ್ಲ. ಪಾಳಿಗೆ ಬಂದೆ, ಆಮ್ಯಾಲೆ ಪಾಳಿ ನೋಡೋ ಮುಕಾದಮ ಉಗಿ ಬಿಡು ಅಂದ, ಆಮ್ಯಾಲೆ ವಾಲ್ ತಿರುವಿದೆ, ಆಮ್ಯಾಲೆ ಪೈಪ್ ಒಡೀತು. ಹೀಗೆ ಹೇಳಿದ್ದ. ಅವಳು ಶಾರ್ಟ್‌ಹ್ಯಾಂಡಿನಲ್ಲಿ ಮೂರು ಸಲವೂ 'ದೆನ್' ಎಂದೇ ಬರೆದುಕೊಂಡು, ಅದನ್ನೇ ಅವನಿಗೆ ಕನ್ನಡದಲ್ಲಿ ಓದಿ ಹೇಳಿದ್ದಳು. ಅವನು ತಲೆಯಾಡಿಸಿದ್ದ. ಮರುದಿನ ಟೈಪು ಮಾಡಲು ಕೂತಾಗ ಸಾಲುಸಾಲಾಗಿ ಬಂದ ಆ ದೆನ್‌ಗಳು ಶಾಲೆಯ ಮಕ್ಕಳು ಬರೆದ ಹಾಗೆ ಕಂಡವು. ಕೊನೆಯದನ್ನು ದೇರ್‌ಫೋರ್ ಮಾಡಿದಳು. ಎರಡು ಘಳಿಗೆಯ ಯೋಚನೆಯೂ ಇರಲಿಲ್ಲ. ನಿನ್ನೆ ಓದಿದ್ದೇ ಇದು ಎಂದಳು, ಅವನು ನಂಬಿ ಸಹಿ ಹಾಕಿದ. ಕೆಳಗೆ ಭಾಷಾಂತರಕ್ಕೆ ಅವಳ ಸಹಿ.

ಡೊಂಬಿವಲಿಯ ಚಾಳಿನ ಖೋಲಿಯಲ್ಲಿ ಗಂಡ ವಸಂತಕುಮಾರ ಎಲ್ಲವನ್ನೂ ಕೇಳಿ ಎದ್ದು ಕದ ಹಾಕಿ ಬಂದ. ಅವನು ಠಾಣೆ ಊರಿನ ಹೋಟೆಲೊಂದರಲ್ಲಿ ಮ್ಯಾನೇಜರ್.

"ಆ ಚೆನ್ನಯ ಹೇಗಿದ್ದಾನೆ?"

"ಇನ್ನೂ ಏನೂ ಹೇಳ್ಲಿಕ್ಕಾಗುದಿಲ್ಲ ಅಂತ ಡಾಕ್ಟರು."

"ಅವ ಸತ್ರೆ ಪೊಲೀಸ್ ಕೇಸು ಮಾರಾಯ್ತಿ. ಸುಳ್ಳು ಕಾಗದ ಮಾಡಿದ್ದು ಯಾರು ಅಂತ ಬಂದ್ರೆ ನಿನ್ನನ್ನೇ ಹಿಡೀತಾರೆ. ನೀನು ಕನ್ನಡದವಳು, ಅವನೂ ಕನ್ನಡದವ. ಈಗ ಹೋಗಿ ತಪ್ಪಾಯ್ತು ಅಂದ್ರೆ, ಅವನ ಪರ ಮಾಡ್ತಿದ್ದಿ ಅಂತಲೂ ಹೇಳ್ತಾರೆ. ಆ ಶಾರ್ಟ್‌ಹ್ಯಾಂಡ್ ಪುಸ್ತಕ ಎಲ್ಲುಂಟು?"

"ಮೇಜಿನ ಖಾನೆಯಲ್ಲಿ."

"ನಾಳೆ ತಂದು ಒಲೆಗೆ ಹಾಕು. ಬೇರೆ ಮಾತೇ ಬೇಡ."

ಜಯಲತಾ ಹ್ಞೂಂ ಅಂದಳು. ಅವನ ಮಾತು ಕಟುಕನದಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಮುಖವೂ ಬಿಳುಚಿಕೊಂಡಿತ್ತು.

ಬೆಳಿಗ್ಗೆ ಆಫೀಸಿಗೆ ಹೋದವಳೇ ಖಾನೆ ತೆರೆದು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. ಊಟದ ಹೊತ್ತಿಗೆ ಪ್ಯೂನ್ ಬಂದು ಸಾಠೆ ಸಾಹೇಬರು ಕರೆಯುತ್ತಾರೆ ಎಂದ. ಪರ್ಸೊನೆಲ್ ಮ್ಯಾನೇಜರ್ ಸಾಠೆ ಎಂದೂ ದನಿ ಏರಿಸಿದವರಲ್ಲ. ಅವರೆದುರು ನಿಂತರೆ ಮಾತ್ರ ಎಲ್ಲರಿಗೂ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು.

"ಬೈಠಿಯೇ," ಎಂದು ಕುರ್ಚಿ ತೋರಿಸಿದರು. "ಯೂನಿಯನ್ನಿನವರು ನಿಮ್ಮ ಶಾರ್ಟ್‌ಹ್ಯಾಂಡ್ ಪುಸ್ತಕ ಬೇಕು ಅಂತ ಅರ್ಜಿ ಹಾಕಿದ್ದಾರೆ. ನಾಳೆ ವಿಚಾರಣೆ. ಪುಸ್ತಕ ತುಂಬಿದ ಮೇಲೆ ನೀವು ಎಸೆದುಬಿಡುತ್ತೀರಿ, ಅಲ್ಲವೇ?"

ಜಯಲತಾಳ ಚೀಲ ಅವಳ ತೊಡೆಯ ಮೇಲೇ ಇತ್ತು.

"ಎಲ್ಲ ಸ್ಟೆನೋಗಳೂ ಎಸೆಯುತ್ತಾರೆ," ಎಂದರು ಸಾಠೆ, ಪೆನ್ನಿನ ಮುಚ್ಚಳ ತಿರುಗಿಸುತ್ತ. "ಆ ಪೈಪು ಹಳೆಯದಾಗಿತ್ತು, ಬದಲಿಸಿ ಅಂತ ಹೇಳಿದ್ದೆವು ಅಂತೆಲ್ಲ ಅವರು ಕಥೆ ಕಟ್ಟುತ್ತಾರೆ. ನೀವು ಟೈಪು ಮಾಡಿದ ಹೇಳಿಕೆ ಸ್ಪಷ್ಟವಾಗಿದೆ. ಒಳ್ಳೆಯ ಇಂಗ್ಲಿಷ್."

ಆ ಹೊಗಳಿಕೆ ಕೇಳಿದಾಗಲೇ ಅವಳಿಗೆ ಹೊಳೆದದ್ದು. ಅಲ್ಲಿಯವರೆಗೆ ಅದು ತನ್ನೊಬ್ಬಳ ತಪ್ಪು ಎಂದುಕೊಂಡಿದ್ದಳು. ಈಗ ಆ ಶಬ್ದ ಬೇರೆಯವರ ಕೈಗೆ ಸಿಕ್ಕಿತ್ತು. ತುಕ್ಕು ಹಿಡಿದ ಪೈಪು, ಉಗಿ ಬಿಡು ಅಂದ ಮುಕಾದಮ, ಎಲ್ಲ ಆ ಒಂದು ಶಬ್ದದ ಹಿಂದೆ ಅಡಗಿ ಕೂತಿದ್ದವು.

"ಎಸೆದಿರಾ?"

"ನೋಡಿ ಹೇಳ್ತೇನೆ ಸರ್," ಎಂದು ಎದ್ದು ಬಂದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಗೋಡೆಗೆ ಒರಗಿ ನಿಂತಳು. ಆ ಹಾಳೆಯನ್ನು ಹರಿದು ನೀರಿಗೆ ಬಿಡಲು ಎರಡು ನಿಮಿಷ ಸಾಕಿತ್ತು. ಹಾಳೆ ತೆರೆದಳು. ಪೆನ್ಸಿಲ್ಲಿನ ಸಣ್ಣ ಸಣ್ಣ ಗೀಟುಗಳು. ಅವಳು ಬಿಟ್ಟರೆ ಆ ಕಾರ್ಖಾನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಹರಿಯದಿದ್ದರೂ ನಡೆಯುತ್ತಿತ್ತು, ಸುಳ್ಳು ಓದಿದರಾಯಿತು. ಈ ಯೋಚನೆ ಬಂದದ್ದೇ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು. ಪುಸ್ತಕ ಮುಚ್ಚಿದಳು.

ಆ ರಾತ್ರಿ ವಸಂತಕುಮಾರ ಕೇಳಿದಾಗ, "ತರಲಿಕ್ಕೆ ಮರೆತೆ," ಎಂದಳು.

ವಿಚಾರಣೆ ನಡೆಸುತ್ತಿದ್ದವರು ಠಾಣೆಯ ಕೋಪರಿಯಿಂದ ಬರುವ ಮುದಿ ವಕೀಲರು. ಮೇಜಿನ ಒಂದು ಬದಿಗೆ ಸಾಠೆ, ಇನ್ನೊಂದು ಬದಿಗೆ ಸೋಮಣ್ಣ ಮತ್ತು ಶಂಕ್ರೆಪ್ಪ. ಪುಸ್ತಕ ಇದೆಯೇ ಎಂದು ವಕೀಲರು ಕೇಳಿದರು. ಸಾಠೆ ಅವಳನ್ನು ನೋಡಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು.

"ಇದೆ," ಎಂದಳು ಜಯಲತಾ. ದನಿ ಎಷ್ಟು ಸಣ್ಣದಿತ್ತೆಂದರೆ ವಕೀಲರು ಮತ್ತೊಮ್ಮೆ ಕೇಳಬೇಕಾಯಿತು.

"ಓದಿ."

ಓದಿದಳು. ಕೊನೆಯ ಸಾಲಿಗೆ ಬಂದಾಗ ಮೇಜಿನ ಅಂಚು ಹಿಡಿದುಕೊಂಡಳು. "ದೆನ್ ದ ಪೈಪ್ ಬರ್ಸ್ಟ್."

ವಕೀಲರು ಕನ್ನಡಕ ಮೇಲೇರಿಸಿ ಟೈಪು ಮಾಡಿದ ಹಾಳೆ ನೋಡಿದರು. "ಇಲ್ಲಿ ದೇರ್‌ಫೋರ್ ಇದೆಯಲ್ಲ?"

"ಅದು ನಾನು ಹಾಕಿದ್ದು ಸರ್. ಅವರು ಹೇಳಲಿಲ್ಲ."

"ಯಾರಾದರೂ ಹಾಕಲು ಹೇಳಿದರೇ?"

"ಇಲ್ಲ. ನಾನೇ."

ವಕೀಲರು ಆ ಶಬ್ದವನ್ನು ಪೆನ್ನಿನಿಂದ ಹೊಡೆದುಹಾಕಿ, ಮೇಲೆ ದೆನ್ ಎಂದು ಬರೆದು, ಪಕ್ಕದಲ್ಲಿ ಅವಳ ಸಹಿ ಹಾಕಿಸಿಕೊಂಡರು. ಪೈಪಿನ ದುರಸ್ತಿಯ ಕಾಗದಗಳನ್ನು ಮುಂದಿನ ತಾರೀಖಿಗೆ ತರಬೇಕೆಂದು ಸಾಠೆಯವರಿಗೆ ಹೇಳಿದರು. ಸಾಠೆ ಆಗಲಿ ಎಂದರು. ಅದೇ ಮೆತ್ತಗಿನ ದನಿ.

ಹೊರಗೆ ವರಾಂಡದಲ್ಲಿ ಶಂಕ್ರೆಪ್ಪ ಅವಳ ಹಿಂದೆ ಬಂದ. ಕೈ ಮುಗಿಯುತ್ತಾನೇನೋ ಅಂದುಕೊಂಡಳು. ಅವನು ಮುಗಿಯಲಿಲ್ಲ.

"ಹದಿನೈದ್ ದಿನ ಮನ್ಯಾಗ ಒಲಿ ಹತ್ತಿದ್ದು ಅಷ್ಟಕ್ಕಷ್ಟರಿ ಅಕ್ಕಾರ. ಪಾರವ್ವ ನನ್ನ ಮಾರಿ ನೋಡಿ, ನೀ ಖರೇನ ಒಡದಿಯೇನು ಅಂತ ಕೇಳಿದ್ಳ್ರಿ, ನನ್ನ ಹೇಂತಿ. ಯಾಕ ಹಾಕಿದ್ರಿ ಅದನ್ನ?"

ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಚಂದ ಕಾಣ್ತದೆ ಅಂತ."

ಅವನು ಅವಳನ್ನು ನೋಡುತ್ತ ನಿಂತ. ಸಿಟ್ಟು ಬರುತ್ತದೆ ಎಂದು ಅವಳು ಕಾದಳು. ಬಂದರೆ ಒಳ್ಳೆಯದಿತ್ತು. ಅವನು ಮೆಟ್ಟಿಲಿಳಿದು ಸೋಮಣ್ಣನ ಜೊತೆ ಗೇಟಿನ ಕಡೆ ಹೋದ.

ಆರು ವಾರಗಳ ಮೇಲೆ ಅವನನ್ನು ಕೆಲಸಕ್ಕೆ ತೆಗೆದುಕೊಂಡರು, ಎಚ್ಚರಿಕೆಯ ಪತ್ರದೊಂದಿಗೆ. ಚೆನ್ನಯ ಬದುಕಿಕೊಂಡ, ಬಲಗೈಯ ಎರಡು ಬೆರಳು ಮಡಚಲಾರದೆ. ಜಯಲತಾಳನ್ನು ಯಾವ ಮೆಮೋವನ್ನೂ ಕೊಡದೆ ಗೋದಾಮಿಗೆ ಕಳಿಸಿದರು, ಲಾರಿಗಳ ನಂಬರು ಬರೆಯಲು. ವಸಂತಕುಮಾರ ನಾಲ್ಕು ದಿನ ಮಾತು ಬಿಟ್ಟ. ಐದನೆಯ ದಿನ ಹೋಟೆಲಿನಿಂದ ಬರುವಾಗ ಅವಳಿಗೆಂದು ಗೋಳಿಬಜೆ ಕಟ್ಟಿಸಿಕೊಂಡು ಬಂದ. ಗೋದಾಮಿನಲ್ಲಿ ಕೂತಾಗಲೂ, ಬಾಗಿಲ ಬಳಿ ಬೂಟಿನ ಸಪ್ಪಳ ಕೇಳಿಸಿದರೆ, ಪೊಲೀಸರು ಬಂದರೇನೋ ಎಂದು ಅವಳ ಪೆನ್ಸಿಲು ಬಹಳ ದಿನಗಳವರೆಗೆ ತಾನಾಗಿ ನಿಂತುಬಿಡುತ್ತಿತ್ತು.