ಬೀಗ ಬಿದ್ದ ಹೆರಿಗೆ ಕೋಣೆ

ಊರಿನ ಹಳೇ ಆರೋಗ್ಯ ಕೇಂದ್ರವನ್ನು ಕೆಡವಲು ಒಪ್ಪಿಗೆ ಕೊಟ್ಟವಳು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯೇ. ಅಲ್ಲಿ ನರ್ಸ್ ಆಗಿದ್ದ ಅವಳ ನಾದಿನಿ ಆಗಲೇ ಬೇಡವೆಂದಿದ್ದಳು. "ಹೊಸದು ಎದ್ದ ಮೇಲೆ ಹಳೇದನ್ನ ಬೀಳಿಸೋಣ ಅತ್ತಿಗೆ. ಸೋರಿದ್ರೂ ಸೂರು ಸೂರೇ." ಆದರೆ ಸಿಮೆಂಟ್ ಕಾರ್ಖಾನೆ ಕಟ್ಟಡ ಕಟ್ಟಿಕೊಡುತ್ತದೆ, ಸರ್ಕಾರ ನೀರು, ಕರೆಂಟು, ಡಾಕ್ಟರನ್ನು ಕೊಡುತ್ತದೆ ಎಂದಾಗ ಅಧ್ಯಕ್ಷೆಗೆ ಕೇಳದೆಯೇ ವರ ಸಿಕ್ಕಂತಾಗಿತ್ತು.

ಕಟ್ಟಡವೇನೋ ಎದ್ದಿತು. ಬಿಳಿ ಟೈಲ್ಸು, ಹೊಸ ಹೆರಿಗೆ ಮಂಚ. ಟೇಪು ಕತ್ತರಿಸಿ, ಫೋಟೊ ತೆಗೆಸಿಕೊಂಡು ದೊಡ್ಡವರೆಲ್ಲ ಹೋದ ಮೇಲೆ ಬಾಗಿಲಿಗೆ ಬೀಗ ಬಿತ್ತು.

"ಕಟ್ಟಿ ಒಪ್ಪಿಸಿದ್ದಾಯ್ತಲ್ಲಮ್ಮ, ಇನ್ನೇನಿದ್ರೂ ಸರ್ಕಾರದ್ದು" ಎಂದ ಕಾರ್ಖಾನೆಯ ಮ್ಯಾನೇಜರ್.

"ಬೀದಿವರೆಗೆ ಪೈಪ್ ತಂದಿದ್ದೀವಿ. ಒಳಗಿನ ಜೋಡಣೆ ಕಾರ್ಖಾನೆಯವರದ್ದು. ಅದಾಗದೆ ನಾವು ವಹಿಸ್ಕೊಳ್ಳಲ್ಲ" ಎಂದ ಇಲಾಖೆಯ ಅಧಿಕಾರಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗಾಯಿತು ಊರಿನ ಪಾಡು. ನಾದಿನಿ ತನ್ನ ಮನೆಯ ಜಗಲಿಯಲ್ಲೇ ಇಂಜೆಕ್ಷನ್ ಚುಚ್ಚತೊಡಗಿದಳು. ಅತ್ತಿಗೆ ಎದುರಾದರೆ "ಊಟ ಆಯ್ತಾ" ಅನ್ನುವಷ್ಟಕ್ಕೇ ಮಾತು ಮುಗಿಸುವಳು. ಅವಳು ಬಾಯಿತುಂಬ ಬೈದಿದ್ದರೆ ಅಧ್ಯಕ್ಷೆಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಮಧ್ಯಾಹ್ನ ಕಮ್ಮಾರನ ಸೊಸೆಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಪಟ್ಟಣಕ್ಕೆ ಹೊರಟ ಟೆಂಪೊವನ್ನು ಜೊತೆಗಿದ್ದ ನಾದಿನಿ ದಾರಿಯಲ್ಲೇ ನಿಲ್ಲಿಸಿದಳು. "ಇನ್ನು ಅಲುಗಾಡಿಸೋ ಹಾಗಿಲ್ಲ." ಗಾಡಿ ನಿಂತದ್ದು ಹೊಸ ಕೇಂದ್ರದ ಹತ್ತಿರ. ಕಮ್ಮಾರ ಓಡಿಹೋಗಿ ಸುತ್ತಿಗೆ ತಂದ; ಬೀಗ ಒಡೆಯಲು ಹಿಂದೆಮುಂದೆ ನೋಡಿದ. ಸುದ್ದಿ ಕೇಳಿ ಓಡಿಬಂದಿದ್ದ ಅಧ್ಯಕ್ಷೆ ಸುತ್ತಿಗೆ ಇಸಿದುಕೊಂಡಳು.

"ಕೇಸಾಗುತ್ತೆ ಅತ್ತಿಗೆ."

"ಆಗ್ಲಿ ಬಿಡು."

ಬೀಗ ಮುರಿದು ಒಳಗೆ ಹೋಗಿ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬುಸುಗುಟ್ಟಿತು. ಹೆಂಗಸರು ಮನೆಮನೆಯಿಂದ ಕಾಯಿಸಿದ ನೀರು ಹೊತ್ತು ತಂದರು. ಹೊತ್ತು ಇಳಿಯುವಾಗ ಹೆಣ್ಣುಮಗು ಹುಟ್ಟಿತು. ಅತ್ತರೆ ಬೆಕ್ಕಿನ ಮರಿಯಷ್ಟು ದನಿ. ನಾದಿನಿ ಅದನ್ನು ತಾಯಿಯ ಎದೆಗೆ ಅವುಚಿ ಬಟ್ಟೆ ಸುತ್ತಿದಳು. "ಇವತ್ತಿಗೆ ಉಳಿದಿದೆ. ನಾಳೇದು ಗೊತ್ತಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಮ್ಯಾನೇಜರೂ ಅಧಿಕಾರಿಯೂ ಒಂದೇ ಜೀಪಿನಲ್ಲಿ ಬಂದಿಳಿದರು. ಅಷ್ಟು ಕಾಲ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿದ್ದವರು ಬೀಗ ಒಡೆದ ವಿಷಯದಲ್ಲಿ ಒಂದಾಗಿದ್ದರು.

"ಎಲ್ಲರೂ ಹೊರಗೆ ಬನ್ನಿ, ಬೇರೆ ಬೀಗ ಹಾಕ್ಬೇಕು" ಎಂದ ಅಧಿಕಾರಿ.

ಅಧ್ಯಕ್ಷೆ ಬಾಗಿಲಲ್ಲಿ ಕೂತಿದ್ದವಳು ಪಕ್ಕಕ್ಕೆ ಸರಿದು ದಾರಿಬಿಟ್ಟಳು. "ಹಸಿ ಬಾಣಂತಿ ಮಲಗಿದ್ದಾಳೆ. ನೀವೇ ಹೋಗಿ ಎಬ್ಬಿಸಿ ಸ್ವಾಮಿ."

ಇಬ್ಬರೂ ಹೊಸ್ತಿಲು ದಾಟಲಿಲ್ಲ. ಮ್ಯಾನೇಜರ್ ಆಚೆ ಹೋಗಿ ಫೋನು ಹಚ್ಚಿದ. ವಾರದೊಳಗೆ ನಲ್ಲಿಯಲ್ಲಿ ನೀರು ಬಂತು. ಮಗುವನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು. ಅದು ಉಳಿಯಿತು, ಆದರೆ ಒಂದು ಕಣ್ಣಿನ ದೃಷ್ಟಿ ಮಂದ. ಬೀಗ ಒಡೆದ ಕೇಸು ಮಾತ್ರ ನಿಲ್ಲಲಿಲ್ಲ. ಅಧ್ಯಕ್ಷೆಯ ಸ್ಥಾನ ಹೋಯಿತು. ಡಾಕ್ಟರ್ ಇನ್ನೂ ಬಂದಿಲ್ಲ.

ಈಗ ಅವಳು ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ನೆಲ ಒರೆಸುತ್ತಾಳೆ. ಮೊನ್ನೆ ನಾದಿನಿ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, "ಬಿಡಿ ಅತ್ತಿಗೆ, ಬೆನ್ನು ಹಿಡಿಯುತ್ತೆ" ಎಂದಳು. ಅದು ಕ್ಷಮೆಯೋ ಬರೀ ಕನಿಕರವೋ ಎಂದು ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳಿಗೆ ಬಗೆಹರಿಯಲಿಲ್ಲ.