ಒಳಗಿನಿಂದ ತಿರುಗುವ ತಟ್ಟೆ

ಲೂಪೆ ಒಕಾಂಪೊ ಕರವಸ್ತ್ರದ ತುದಿಯನ್ನು ಹೂದಾನಿಯ ನೀರಿಗೆ ಅದ್ದಿ, ಶವಪೆಟ್ಟಿಗೆಯಲ್ಲಿ ಮಲಗಿದ್ದ ಟಿಲ್ಲಿಯ ತುಟಿಯ ಮೇಲಿನ ಕೆಂಪನ್ನು ಒರೆಸತೊಡಗಿದಳು.

"ಥೂ! ಯಾರು ಹೇಳಿದ್ರು ಈ ಹೆಣ ಸಿಂಗರಿಸೋರಿಗೆ ಬಳಿಯೋಕೆ? ಇಷ್ಟು ವರ್ಷ ಪಕ್ಕದ ಮನೇಲಿದ್ದೆ, ಒಂದಿನ ಪೌಡರ್ ಹಚ್ಚಿದ್ದು ನೋಡಿಲ್ಲ. ಅಂಗಡಿ ಗೊಂಬೆ ಮಾಡಿಟ್ಟಿದಾರೆ."

"ಮೆಲ್ಲಗೆ, ಆಂಟಿ," ಎಂದಳು ಟಿಲ್ಲಿಯ ಮಗಳು ಎನಿಡ್.

"ಅವಳಿಗೇನು ನೋವಾಗುತ್ತಾ ಈಗ?" ಎಂದರೂ ಲೂಪೆಯ ಕೈ ಇನ್ನಷ್ಟು ಹಗುರಾಯಿತು.

ಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ದೊಡ್ಡ ಗ್ರಾಮಫೋನು ಇತ್ತು. ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕ ಅದನ್ನು ರೇಡಿಯೋ ಕಚೇರಿಯಿಂದ ಬೇಡಿ ತಂದು, ತಾನೇ ಚರ್ಚಿನ ಮೆಟ್ಟಿಲು ಹತ್ತಿಸಿದ್ದ. ಅದರ ಮೇಲೆ ಹರಿವಾಣದಷ್ಟು ಅಗಲದ ಒಂದು ಕಪ್ಪು ತಟ್ಟೆ. ಅದರಲ್ಲಿರುವ ದನಿ ಯಾರದೆಂದು ಹೇಳಕೂಡದೆಂದು ಅಮ್ಮ ಕೊನೆಗಾಲದಲ್ಲೂ ಎನಿಡಳಿಂದ ಮಾತು ತೆಗೆದುಕೊಂಡಿದ್ದಳು. ಮುಚ್ಚಳ ಹಾಕುವ ಮೊದಲು ಒಂದು ಸಲ ಅದು ಹಾಡಲಿ, ಕೇಳಿದವರಲ್ಲಿ ಒಬ್ಬರಾದರೂ ತಾವಾಗಿ ಗುರುತು ಹಿಡಿಯಲಿ. ಎನಿಡಳ ಆಸೆ ಅಷ್ಟೇ.

*

ಮೂಕಿ ಚಿತ್ರಗಳಿಗೆ ಸದ್ದು ಜೋಡಿಸುವುದು ಶುರುವಾಗಿದ್ದ ಕಾಲ. ಲಾಸ್ ಏಂಜಲಿಸ್‌ನ ಒಂದು ಸ್ಟುಡಿಯೋದಲ್ಲಿ ಟಿಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕಡಲುಗಳ್ಳನೊಬ್ಬನ ಪ್ರೇಮದ ಚಿತ್ರ ಆಗಷ್ಟೇ ಮುಗಿದಿತ್ತು. ಮಾತೆಲ್ಲ ಪರದೆಯ ಮೇಲೆ ಅಕ್ಷರಗಳಲ್ಲೇ. ಕತ್ತಿಗಳ ಖಣಖಣ, ಬಿರುಗಾಳಿ, ಹಡಗಿನ ಮೇಲೆ ನಾಯಕಿಯ ಒಂದು ಹಾಡು, ಇಷ್ಟನ್ನು ಮಾತ್ರ ತಟ್ಟೆಗೆ ತುಂಬಬೇಕಿತ್ತು. ನಾಯಕಿ ಕೊರಿನ್ನಾ ವೇಲ್ ಹಾಡಿದರೆ ಬಾಗಿಲು ಕಿರುಗುಟ್ಟಿದಂತಿತ್ತು. ಹೊಲಿಗೆಯ ಕೋಣೆಯಲ್ಲಿ ಗುನುಗುತ್ತಿದ್ದ ಟಿಲ್ಲಿಯನ್ನು ಕರೆದೊಯ್ದು, ಪರದೆಯಲ್ಲಿ ಕೊರಿನ್ನಾಳ ತುಟಿ ನೋಡಿಕೊಂಡು ಹಾಡೆಂದರು. ಗಾಳಿಯಾಡದ ಕೋಣೆ. ಬಿರುಗಾಳಿಯ ಸದ್ದು ಮಾಡುವವನು ತನ್ನ ಜೇಬಿನ ಪೆಪ್ಪರ್‌ಮಿಂಟನ್ನು ಅವಳ ಕೈಗಿಟ್ಟ.

ಹಾಡು ಮುಗಿದ ಮೇಲೆ ನಿರ್ಮಾಪಕ ಹೇಳಿದ: "ನೋಡಮ್ಮ, ಈ ಹಾಡು ಕೊರಿನ್ನಾದು. ಇನ್ಮೇಲೆ ನಾಲ್ಕು ಜನರ ಮುಂದೆ ನೀನು ಹಾಡೋ ಹಾಗಿಲ್ಲ. ದನಿ ಗುರುತು ಹಿಡೀತಾರೆ."

"ಚರ್ಚಲ್ಲಿ?"

"ಅಲ್ಲಿರೋರು ಜನ ಅಲ್ವಾ?"

ಟಿಲ್ಲಿಯ ಗಂಡ ನಿಲ್ಸ್ ಚಿತ್ರಮಂದಿರದಲ್ಲಿ ಯಂತ್ರ ನಡೆಸುತ್ತಿದ್ದ. ಸಿನಿಮಾದ ತಟ್ಟೆ ಮನೆಯ ಗ್ರಾಮಫೋನಿನ ತಟ್ಟೆಯಂತಲ್ಲ. ಮುಳ್ಳನ್ನು ನಡುವಿನ ಚೀಟಿಯ ಪಕ್ಕದಲ್ಲಿಡಬೇಕು, ಅದು ಒಳಗಿನಿಂದ ಅಂಚಿಗೆ ಬರುತ್ತದೆ. ಒಂದು ಮಧ್ಯಾಹ್ನದ ಆಟದಲ್ಲಿ ಮುಳ್ಳು ಹಾರಿ, ಪರದೆಯ ಮೇಲೆ ಮೀಸೆಯ ಕಡಲುಗಳ್ಳನೇ ಟಿಲ್ಲಿಯ ದನಿಯಲ್ಲಿ ಹಾಡಿಬಿಟ್ಟ. ಎಲ್ಲರಿಗಿಂತ ಹೆಚ್ಚು ನಕ್ಕವಳು ಟಿಲ್ಲಿ. ಚಿತ್ರದ ಓಟ ಮುಗಿದು ತಟ್ಟೆಗಳನ್ನು ಎಸೆಯುವಾಗ ನಿಲ್ಸ್ ಆ ಒಂದನ್ನು ಮನೆಗೆ ತಂದ.

ಸ್ಟುಡಿಯೋ ಮುಚ್ಚಿತು. ನಿರ್ಮಾಪಕನೂ ಸತ್ತ. ಕೇಳುವವರು ಯಾರೂ ಉಳಿಯಲಿಲ್ಲ, ಆದರೂ ಟಿಲ್ಲಿ ಕೊಟ್ಟ ಮಾತು ಮುರಿಯಲಿಲ್ಲ. ಭಾನುವಾರ ಚರ್ಚಿನಲ್ಲಿ ಪುಟ್ಟ ಎನಿಡ್ ತಲೆಯೆತ್ತಿ ನೋಡುತ್ತಿದ್ದಳು. ಅಮ್ಮನ ತುಟಿ ಹಾಡಿನೊಂದಿಗೆ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಓಡುವಾಗ ಮಾತ್ರ, ಅದರ ಸದ್ದಿನ ಮರೆಯಲ್ಲಿ, ಅಮ್ಮ ಹಾಡುತ್ತಿದ್ದಳು.

*

ಸೆಂಟಿನ ವಾಸನೆ ಮೊದಲು ಬಂತು, ಹಿಂದೆಯೇ ಕೊರಿನ್ನಾ ವೇಲ್, ಅವಳ ಹಿಂದೆ ಪತ್ರಿಕೆಯ ಛಾಯಾಗ್ರಾಹಕ. ಮುಂದಿನ ವಾರ ಆ ಹಳೆಯ ಚಿತ್ರ ಟೆಲಿವಿಷನ್ನಿನಲ್ಲಿ ಬರುವುದಿತ್ತು. ಅವಳು ತಂದ ಹೂಚಕ್ರದ ಪಟ್ಟಿಯಲ್ಲಿ ಅವಳ ಹೆಸರು ದೊಡ್ಡದಾಗಿ, ಕೆಳಗೆ ಸಣ್ಣದಾಗಿ: 'ನನ್ನ ಟೆಸ್ಸಿಗೆ.'

"ಅಯ್ಯೋ ಕಂದಾ!" ಎಂದು ಎನಿಡಳ ಕೆನ್ನೆಗೆ ಮುತ್ತಿಟ್ಟಳು. "ನನ್ನ ಟೆಸ್ಸಿ! ನನ್ನ ಹಾಡು ಕೇಳ್ತಾ ಕೇಳ್ತಾನೇ ನನ್ನ ಬಟ್ಟೆ ಹೊಲೀತಿದ್ಲು."

"ಟಿಲ್ಲಿ," ಎಂದಳು ಲೂಪೆ.

"ಹ್ಞಾ, ಅದೇ."

ಎನಿಡ್ ಕೆನ್ನೆಗೆ ಅಂಟಿದ ಕೆಂಪನ್ನು ಕೈಯ ಹಿಂಬದಿಯಿಂದ ಉಜ್ಜಿದಳು.

ಪಾದ್ರಿ ಆ ಹಳೆಯ ಚಿತ್ರದ ಹಾಡೆಂದು ಸಾರಿ ಗ್ರಾಮಫೋನಿನತ್ತ ಹೆಜ್ಜೆಯಿಟ್ಟರು. ಕೊರಿನ್ನಾ ಅವರ ತೋಳು ಹಿಡಿದಳು. "ನೀವ್ಯಾಕೆ? ನನ್ನ ಹಾಡನ್ನ ನಾನೇ ಅವಳಿಗೆ ಕೊಡ್ತೀನಿ. ಏಯ್ ಫೋಟೋದವ್ನೇ, ಎಡಗಡೆಯಿಂದ ತೆಗಿ."

ಎನಿಡಳ ನಾಲಿಗೆಯ ತುದಿಗೆ ಮಾತು ಬಂತು. ಪೆಟ್ಟಿಗೆಯೊಳಗಿನ ಬರಿಯ ತುಟಿಗಳನ್ನು ನೋಡಿ ನುಂಗಿಕೊಂಡಳು.

ಕೊರಿನ್ನಾ ಮುಳ್ಳನ್ನು ತಟ್ಟೆಯ ಹೊರ ಅಂಚಿನಲ್ಲಿಟ್ಟು, ಎದೆಗೆ ಕೈಯಿಟ್ಟು, ಕಣ್ಣು ಅರೆಮುಚ್ಚಿ ಕ್ಯಾಮೆರಾದತ್ತ ತಿರುಗಿದಳು. ತುಟಿಗಳು ಆಡತೊಡಗಿದವು. ತಟ್ಟೆಯಿಂದ ಬಂದದ್ದು ಬರೀ ಕರಕರ. ತುಟಿಗಳು ಆಡುತ್ತಲೇ ಇದ್ದವು. ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ಮೇಡಂ, ಹಾಡು?" ಎಂದ ಛಾಯಾಗ್ರಾಹಕ.

ಕೊರಿನ್ನಾ ಕಣ್ಣು ಬಿಟ್ಟಳು. "ಹಾಳು ತಟ್ಟೆ. ಕೆಟ್ಟೋಗಿದೆ."

"ಇಲ್ಲ. ಇದು ಒಳಗಿಂದ ಶುರುವಾಗೋದು," ಎಂದು ಎನಿಡ್ ಎದ್ದು ಬಂದು ಮುಳ್ಳನ್ನೆತ್ತಿ ಚೀಟಿಯ ಪಕ್ಕದಲ್ಲಿಟ್ಟಳು.

ದನಿ ಎದ್ದಿತು. ಎಳೆಯ ದನಿ, ತುಸು ನಡುಗುವ ದನಿ.

ಲೂಪೆ ಒದ್ದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. "ಅಮ್ಮಾ ತಾಯೀ... ಇದನ್ನ ನಾನು ದಿನಾ ಕೇಳಿದೀನಿ ಕಣೇ. ಗೋಡೆ ಆಚೆಯಿಂದ, ಹೊಲಿಗೆ ಮಿಷನ್ ಸದ್ದಿನ ಜೊತೆ. ಇದು ನಮ್ಮ ಟಿಲ್ಲಿ!"

ಎಲ್ಲರೂ ಕೊರಿನ್ನಾಳತ್ತ ನೋಡಿದರು. ಅವಳ ತುಟಿ ಬಿಗಿದುಕೊಂಡಿತ್ತು, ಹಾಡು ಮಾತ್ರ ನಡೆದೇ ಇತ್ತು. ಛಾಯಾಗ್ರಾಹಕ ಕ್ಯಾಮೆರಾ ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದ. ಮುಳ್ಳು ಒಳಗಿನಿಂದ ಅಂಚಿನ ಕಡೆಗೆ, ಆತುರವಿಲ್ಲದೆ, ಸರಿಯುತ್ತಿತ್ತು.