ತಳದಲ್ಲೊಂದು ಹಿಡಿ ಹಿಟ್ಟು

ಶಿವರಂಜನಿಯ ಉತ್ತರಪತ್ರಿಕೆಯಲ್ಲಿ ಇದ್ದ ತಪ್ಪು ಒಂದೇ; ಆದರೆ ಅದು ಪ್ರತಿಯೊಂದು ಲೆಕ್ಕದ ಕೊನೆಯ ಸಾಲಿನಲ್ಲಿಯೂ ಇತ್ತು.

ಗದುಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದವರಿಗೆ ಕಲನಶಾಸ್ತ್ರದ ಮೊದಲ ಕಿರುಪರೀಕ್ಷೆ ಮುಗಿದು, ಗುರುವಾರದ ದಿನ ಪತ್ರಿಕೆಗಳನ್ನು ಹಂಚುತ್ತಿದ್ದರು. ಪಾಠ ಹೇಳುವವರು ಶಾಹಬಾಜ ಎಂಬ ತರುಣ ಅತಿಥಿ ಉಪನ್ಯಾಸಕರು. ಲಕ್ಷ್ಮೇಶ್ವರದಿಂದ ದಿನವೂ ಬಸ್ಸಿಗೆ ಬಂದು ಹೋಗುವವರು. ಅವರು ಕಲಿಸಿದ ಕ್ರಮ ಹೀಗಿತ್ತು: ವಕ್ರರೇಖೆಯೊಂದು ಒಂದು ಬಿಂದುವಿನಲ್ಲಿ ಎಷ್ಟು ಕಡಿದಾಗಿ ಏರುತ್ತದೆಂದು ಅರಿಯಬೇಕಾದರೆ, ಆ ಬಿಂದುವಿನ ಬದಿಗೆ ತುಸು ದೂರದಲ್ಲಿ ಇನ್ನೊಂದು ಬಿಂದುವನ್ನು ಇಟ್ಟುಕೊಳ್ಳಬೇಕು. ನಡುವಿನ ಆ ತುಸು ದೂರಕ್ಕೆ ಎಚ್ ಎಂದು ಹೆಸರು. ಏರಿದ ಎತ್ತರವನ್ನು ಆ ಎಚ್‌ನಿಂದ ಭಾಗಿಸಬೇಕು. ಭಾಗಿಸಿಯಾದ ಮೇಲೆ, ಕೊನೆಯ ಸಾಲಿನಲ್ಲಿ ಎಚ್ ಸೊನ್ನೆಯೆಂದು ಅದನ್ನು ಕೈಬಿಡಬೇಕು. ಶಿವರಂಜನಿ ಎಲ್ಲವನ್ನೂ ಮಾಡಿದ್ದಳು. ಕೈಬಿಟ್ಟಿರಲಿಲ್ಲ, ಅಷ್ಟೆ. ‘ಎರಡು ಎಕ್ಸ್’ ಎಂದು ನಿಲ್ಲಬೇಕಾದಲ್ಲಿ ಅವಳ ಉತ್ತರ ‘ಎರಡು ಎಕ್ಸ್ ಕೂಡಿಸು ಎಚ್’ ಎಂದು ನಿಂತಿತ್ತು.

“ಶಿವರಂಜನಿ, ಎಲ್ಲಾ ಲೆಕ್ಕದಾಗೂ ಈ ಎಚ್ ಯಾಕ ಉಳದೈತವಾ?” ಎಂದು ಉಪನ್ಯಾಸಕರು ಕೇಳಿದರು.

ಅವಳು ಎದ್ದು ನಿಂತಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ವೀರು ಎಂಬವನು ಮಾತಾಡಿದನು.

“ಸರ್, ಆ ಎಚ್ ಆಕೀ ತವರಮನಿದ ಇರಬೇಕ್ರಿ. ಅದಕ್ಕ ಬಿಡವಲ್ಲಳು!”

ತರಗತಿಯೆಲ್ಲ ನಕ್ಕಿತು. ಶಿವರಂಜನಿ ಪತ್ರಿಕೆಯನ್ನು ಮಡಚಿ ಕುಳಿತಳು. ತೇರ್ಗಡೆಯಾಗುವಷ್ಟು ಅಂಕಗಳು ಅದರಲ್ಲಿರಲಿಲ್ಲ. ಕಚೇರಿಯ ಮುಂದಿನ ಹಲಗೆಯ ಮೇಲೆ, ವಿಷಯ ಬದಲಿಸಬಯಸುವವರು ಶನಿವಾರದೊಳಗಾಗಿ ಉಪನ್ಯಾಸಕರ ಸಹಿಯೊಂದಿಗೆ ಅರ್ಜಿ ಸಲ್ಲಿಸಬೇಕೆಂಬ ಸೂಚನೆ ಅಂಟಿತ್ತು. ಅವಳು ಅದನ್ನು ಹೋಗುವಾಗಲೂ ಓದಿದಳು, ಬಸ್ಸಿನ ಹೊತ್ತಾಯಿತೆಂದು ಹೊರಟವಳು ತಿರುಗಿ ಬಂದು ಮತ್ತೊಮ್ಮೆಯೂ ಓದಿದಳು.

ಗಣಿತವನ್ನು ಅವಳು ಯಾರ ಮಾತಿಗೂ ಆರಿಸಿಕೊಂಡಿರಲಿಲ್ಲ, ಪ್ರೀತಿಯಿಂದ ಆರಿಸಿಕೊಂಡಿದ್ದಳು. ಅವಳ ಊರಾದ ಡಂಬಳದಲ್ಲಿ ಹಳೆಯದೊಂದು ಗುಡಿಯಿದೆ. ಅದರ ಹೊರಗೋಡೆ ಹೆಜ್ಜೆಹೆಜ್ಜೆಗೂ ಮೂಲೆ ತಿರುಗುತ್ತ ಗರ್ಭಗುಡಿಯನ್ನು ಸುತ್ತಿ ಬರುತ್ತದೆ. ಎಳೆವೆಯಲ್ಲಿ ಅವಳು ಆ ಗೋಡೆಗೆ ಅಂಗೈ ಹಚ್ಚಿಕೊಂಡು ಸುತ್ತು ಹಾಕುತ್ತ ಮೂಲೆಗಳನ್ನು ಎಣಿಸುವಳು. ಪ್ರತಿಸಲವೂ ಲೆಕ್ಕ ತಪ್ಪುವುದು. ತಪ್ಪಿದ್ದಕ್ಕೆ ಬೇಸರವಾಗದೆ, ಇನ್ನೊಂದು ಸುತ್ತಿಗೆ ನೆವ ಸಿಕ್ಕಿತೆಂದು ಹಿಗ್ಗುವಳು. ಎಣಿಕೆಯ ಆ ಹಿಗ್ಗು ಎಂದಾದರೂ ತನ್ನನ್ನು ಹೊರಗೆ ನಿಲ್ಲಿಸೀತೆಂದು ಅವಳು ಎಣಿಸಿರಲಿಲ್ಲ.

ಮನೆಗೆ ಬಂದಾಗ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಸುಮಿತ್ರವ್ವ ಹೊಸಿಲ ಬಳಿ ಕುಳಿತು ಬಳ್ಳೊಳ್ಳಿ ಬಿಡಿಸುತ್ತಿದ್ದಳು.

“ಬಂದೇನ ತಂಗಿ? ಕೈಕಾಲ ತೊಳಕೊಂಡು ನಿಮ್ಮವ್ವಗ ಹಿಟ್ಟ ತಗದ ಕೊಡು.”

ಶಿವರಂಜನಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಕೈಯಿಳಿಸಿದಳು. ಹಿಟ್ಟು ಬಹಳ ಕೆಳಗೆ ಹೋಗಿತ್ತು.

“ಆಯಿ, ಹಿಟ್ಟ ಹೆಚ್ಚೇತಿ,” ಎಂದಳು.

ಆ ಮನೆಯಲ್ಲಿ ಕಾಳು, ಹಿಟ್ಟು, ಎಣ್ಣೆಗಳ ವಿಷಯದಲ್ಲಿ ‘ತೀರಿತು’ ಎಂಬ ಮಾತನ್ನು ಯಾರೂ ಆಡುವುದಿಲ್ಲ, ‘ಹೆಚ್ಚಿತು’ ಎನ್ನುತ್ತಾರೆ. ಡಬ್ಬಿಯ ತಳ ಬಳಿಯುವುದೂ ಇಲ್ಲ. ಕೊನೆಯ ಹಿಡಿಯನ್ನು ಹಾಗೆಯೇ ಬಿಟ್ಟು, ಹೊಸ ಹಿಟ್ಟು ಬಂದಾಗ ಅದರ ಮೇಲೆಯೇ ಸುರಿಯುತ್ತಾರೆ. ಸುಮಿತ್ರವ್ವ ಸೊಸೆಯಾಗಿ ಬಂದ ದಿನದಿಂದ ಆ ಡಬ್ಬಿ ತನ್ನ ತಳವನ್ನು ಯಾರಿಗೂ ತೋರಿಸಿರಲಿಲ್ಲ.

“ಬಳೀಬ್ಯಾಡ ಮತ್ತ. ಕಡೀ ಹಿಡಿ ಇರ್ಲಿ. ನಾಳೆ ನಾಡದರಾಗ ಗಿರಣಿಗೆ ಹಾಕಿಸಿದ್ರಾತು,” ಎಂದ ಅಜ್ಜಿ ಮೊಮ್ಮಗಳ ಮುಖವನ್ನು ನೋಡಿದಳು. “ಮಾರಿ ಯಾಕ ಸಣ್ಣ ಮಾಡೀದಿ?”

“ಪರೀಕ್ಷಾದಾಗ ಮಾರ್ಕ್ಸ್ ಹೋದ್ವು ಆಯಿ.”

“ಏನ ಬಿಟ್ಟ ಬಂದಿದ್ದಿ?”

“ಬಿಟ್ಟಿದ್ದಕ್ಕ ಹೋಗಿಲ್ಲ. ಉಳಿಸಿದ್ದಕ್ಕ ಹೋಗ್ಯಾವ.”

ಸುಮಿತ್ರವ್ವನ ಕೈಯಲ್ಲಿನ ಬಳ್ಳೊಳ್ಳಿ ಅಲ್ಲಿಯೇ ನಿಂತಿತು. “ಅಲ್ಲಾ, ಉಳಿಸಿದ್ದಕ್ಕ ಯಾರರ ಬಯ್ತಾರೇನ! ಅದೆಂಥಾ ಕಾಲೇಜ ಅದು?”

ಮಗಳ ಮಾತನ್ನು ಕೇಳುತ್ತ ಅಂಗಳದಿಂದ ಬಂದ ತಂದೆ ಮುದಕಪ್ಪ, ಟವೆಲಿನಿಂದ ಕೊರಳೊರಸಿಕೊಂಡು ಮೆಲ್ಲನೆ ಹೇಳಿದನು: “ಬಾಳ ತ್ರಾಸ ಆಗಾಕತ್ತಿದ್ರ ಬಿಡವಾ. ಬ್ಯಾರೆ ವಿಷಯ ತಗೊ. ಯಾರೂ ಏನೂ ಅನ್ನೂದಿಲ್ಲ.”

ತಂದೆ ಗದರಿದ್ದರೆ ಅವಳಿಗೆ ಹಟ ಹುಟ್ಟುತ್ತಿತ್ತು. ಆ ಮೆತ್ತನೆಯ ಮಾತಿಗೆ ಕಣ್ಣು ತುಂಬಿದವು. ಊಟಕ್ಕೆ ಮೊದಲೇ ಅರ್ಜಿ ಬರೆದಿಟ್ಟಳು.

ಶುಕ್ರವಾರ ಮಧ್ಯಾಹ್ನ ಅವಳು ಉಪನ್ಯಾಸಕರ ಕೋಣೆಯ ಬಾಗಿಲಲ್ಲಿ ನಿಂತಾಗ ಶಾಹಬಾಜರು ಊಟದ ಡಬ್ಬಿ ಮುಚ್ಚುತ್ತಿದ್ದರು.

“ಅರ್ಜಿ ತಂದೀನ್ರಿ ಸರ್. ಸಹಿ ಬೇಕಾಗಿತ್ರಿ.”

“ಯಾ ವಿಷಯಕ್ಕ ಹೊಂಟಿ?”

“ಬಾಟನಿಗ್ರಿ.”

“ಅಲ್ಲೆ ಗಿಡದ ತುದಿಗೆ ಎಚ್ ಇರೂದಿಲ್ಲಂತ ಯಾರ ಹೇಳ್ಯಾರ ನಿನಗ?” ಎಂದು ಅವರು ನಕ್ಕರು. ಅವಳು ನಗಲಿಲ್ಲವೆಂಬುದನ್ನು ಕಂಡು ಕುರ್ಚಿ ತೋರಿಸಿದರು. “ಕುಂಡ್ರು. ಸಹಿ ಆಮ್ಯಾಲೆ. ಮೊದಲ ಹೇಳು, ಎಚ್ ಯಾಕ ಬಿಡಲಿಲ್ಲ? ಮರತಿದ್ರ ಒಂದ ಲೆಕ್ಕದಾಗ ಮರೀತಿದ್ದಿ. ಎಲ್ಲಾದರಾಗೂ ಮರಿಯಾಕ ಆಗೂದಿಲ್ಲ.”

ಅವಳು ಮೇಜಿನ ಅಂಚನ್ನು ನೋಡುತ್ತ ಮಾತಾಡಿದಳು. ತರಗತಿಯಲ್ಲಿ ಆಡಲಾರದೆ ಹೋದ ಮಾತು ಅದೇ ಆಗಿತ್ತು.

“ಮೊದಲಿಗೆ ಎಚ್ ಸೊನ್ನಿ ಅಲ್ಲ ಅಂತೀರಿ ಸರ್. ಅದಕ್ಕ ಅದರ್ಲೆ ಭಾಗಸಾಕ ಬರತೈತಿ ಅಂತೀರಿ. ಕಡೀ ಸಾಲಿನ್ಯಾಗ ಅದ ಎಚ್ ಸೊನ್ನಿ ಅಂತೀರಿ. ಸೊನ್ನಿ ಆಗಿದ್ರ ಭಾಗಸಾಕ ಬರತಿರಲಿಲ್ಲ. ಸೊನ್ನಿ ಅಲ್ಲಾಂದ್ರ ಬಿಡಾಕ ಬರೂದಿಲ್ಲ. ದುಡಿಸಿಕೊಂಡು ಹೊರಗ ಹಾಕಿದಂಗ ಆತಲ್ರಿ ಅದು!”

ಮರುಕ್ಷಣ ಅವಳು ದನಿ ತಗ್ಗಿಸಿ ಹೇಳಿದಳು:

“ನಮ್ಮ ಮನ್ಯಾಗ ಹಿಟ್ಟಿನ ಡಬ್ಬಿ ತಳಾ ಬಳಿಯೂದಿಲ್ರಿ. ಕಡೀ ಹಿಡಿ ಬಿಡತೀವಿ. ಆ ಎಚ್ ತಗೀಬೇಕಂದ್ರ... ಕೈ ಏಳವಲ್ದರಿ.”

ನಗುವರೆಂದು ಅವಳು ಅಂಜಿದ್ದಳು. ಅವರು ಮುಚ್ಚಿದ ಊಟದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು, “ನಮ್ಮ ಅಮ್ಮಾನೂ ಹಂಗ,” ಎಂದರು. “ದಿಲಶಾದಬಿ ಅಂದ್ರ ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತು. ಅಕ್ಕಿ ಡಬ್ಬಿ ಪೂರಾ ಬರಿದ ಮಾಡಿದ್ರ ಬರಕತ್, ಮನೀ ಸಿರಿ, ಹೋಗತೈತಿ ಅಂತ ನನ್ನ ಕೈ ಮ್ಯಾಲೆ ಹೊಡೀತಿದ್ಲು.”

ಅನಂತರ ಅವರು, ಅರ್ಜಿಯೊಂದಿಗೆ ಅವಳು ತಂದಿದ್ದ ಉತ್ತರಪತ್ರಿಕೆಯನ್ನು ತಮ್ಮತ್ತ ಎಳೆದುಕೊಂಡರು.

“ಕೇಳಿಲ್ಲೆ. ಇದರಾಗ ನಂದೂ ತಪ್ಪೈತಿ. ‘ಕಡೀಕ ಎಚ್ ಸೊನ್ನಿ ಹಾಕ್ರಿ’ ಅಂತ ಹೇಳಿದಾಂವ ನಾನ. ಪಾಠ ಜಲ್ದಿ ಮುಗಸಾಕ ಹಂಗ ಹೇಳಿದೆ. ಖರೆ ಅಂದ್ರ ನಾವು ಅದನ್ನ ಸೊನ್ನಿ ಮಾಡೂದ ಇಲ್ಲ. ನೀ ಪ್ರತಿ ಸಾಲಿನ ಮುಂದ ‘ಲಿಮಿಟ್’ ಅಂತ ಬರೀಬೇಕಾಗಿತ್ತು, ಬರದಿಲ್ಲ. ಅದು ಮುಂದ ನಿಂತಿರೂತನಕ ಎಚ್ ಇರ್ಲಿ, ಯಾರೂ ಬ್ಯಾಡನ್ನೂದಿಲ್ಲ. ಲಿಮಿಟ್ ಕೇಳೂ ಪ್ರಶ್ನೆ ಬ್ಯಾರೆ. ಎಚ್ ಸಣ್ಣದಾಕ್ಕೋತ, ಸಣ್ಣದಾಕ್ಕೋತ ಹೊಂಟಾಗ ಉತ್ತರ ಯಾವುದರ ಕಡೆ ಹೊಂಟೈತಿ? ಮುಟ್ಟಿತೋ ಇಲ್ಲೋ ಅಂತಲ್ಲ. ಎಲ್ಲಿಗೆ ಹೊಂಟೈತಿ, ಅಷ್ಟ.”

“ಮುಟ್ಟಲಾರದ್ದನ್ನ ಇದ ಅಂತ ಹೆಂಗ ಬರಿಯೂದ್ರಿ?”

ಅವರ ಬಳಿ ಪುಸ್ತಕದ ಉತ್ತರವೊಂದಿತ್ತು. ಈ ಹುಡುಗಿಗೆ ಅದನ್ನು ಕೊಟ್ಟರೆ ಅವಳು ‘ಹೂಂ’ ಎಂದು ತಲೆಯಾಡಿಸಿ, ಸಹಿ ಹಾಕಿಸಿಕೊಂಡು ಹೋಗುವಳೆಂಬುದನ್ನು ಅವರು ಅರಿತರು.

“ಅರ್ಜಿ ನನ್ನ ಕಡೆ ಇರ್ಲಿ,” ಎಂದರು. “ನಾಳೆ ಬಂದು ಸಹಿ ಬೇಕಂದ್ರ ಖರೇನ ಮಾಡಿಕೊಡತೀನಿ. ಇದೊಂದ ಸಂಜಿ ಇಚಾರ ಮಾಡು.”

ಆ ಸಂಜೆ ಸುಮಿತ್ರವ್ವ ಗುಡಿಗೆ ಎಣ್ಣೆ ಒಯ್ಯುವಾಗ ಮೊಮ್ಮಗಳನ್ನೂ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳ ಬಾಯಿಂದ ಎಚ್‌ನ ಕತೆಯನ್ನೆಲ್ಲ ಕೇಳಿಕೊಂಡಳು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತ, “ನಾ ಲಗ್ನಾಗಿ ಬಂದ ಹೊಸದಾಗಿ ಓಣ್ಯಾನ ಹುಡುಗ್ಯಾರ ಕೂಡ ಇಲ್ಲೆ ಕಣ್ಣಮುಚ್ಚಾಲಿ ಆಡತಿದ್ದೆ,” ಎಂದಳು. “ಮೂಲಿಗೊಬ್ರು ಅಡಗಿದ್ರೂ ಮೂಲಿ ಉಳೀತಿದ್ವು. ಒಮ್ಮೆ ನಿಮ್ಮ ಮುತ್ಯಾನ ನನ್ನ ಹುಡಕ್ಕೋತ ಬಂದಿದ್ದ. ಮುಂದಿನ ಮೂಲ್ಯಾಗ ಇದ್ದೆ, ಸಿಗಲಿಲ್ಲ ನೋಡು ಅವಗ!”

“ಬೇಕಂತ ಸಿಕ್ಕಿರಲಿಕ್ಕಿಲ್ಲ ನೀ,” ಎಂದಳು ಶಿವರಂಜನಿ. ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

“ಹುಚ್ಚಿ, ಹೋಗ ಅತ್ತಾಗ,” ಎಂದು ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಶಿವರಂಜನಿ ಎದ್ದು, ಹಳೆಯ ರೂಢಿಯಂತೆ, ಗೋಡೆಗೆ ಅಂಗೈ ಹಚ್ಚಿ ನಡೆಯತೊಡಗಿದಳು. ಕಲ್ಲು ಇನ್ನೂ ಬಿಸಿಲ ಕಾವನ್ನು ಬಿಟ್ಟಿರಲಿಲ್ಲ. ಮೂಲೆ, ತಿರುವು, ಮತ್ತೆ ಮೂಲೆ. ಚೌಕವೊಂದನ್ನು ತುಸು ತಿರುಗಿಸಿ, ಅದರ ಮೇಲೆ ಇನ್ನೊಂದನ್ನು ತುಸು ತಿರುಗಿಸಿ, ಹೀಗೆ ಶಿಲ್ಪಿ ಈ ಗೋಡೆಯನ್ನು ಕಟ್ಟಿರಬೇಕು. ಇನ್ನೂ ತಿರುಗಿಸಿದ್ದರೆ ಮೂಲೆಗಳು ಹೆಚ್ಚುತ್ತಿದ್ದವು. ಒಂದೊಂದು ಮೂಲೆಯೂ ಸಣ್ಣದಾಗುತ್ತಿತ್ತು. ಇನ್ನೂ ತಿರುಗಿಸಿದ್ದರೆ ಇನ್ನೂ ಸಣ್ಣದು. ಮೂಲೆಯೇ ಇಲ್ಲದಂತಾಗುತ್ತಿತ್ತೇ? ಎಂದಿಗೂ ಇಲ್ಲ, ಅಂಗೈಗೆ ಯಾವುದೋ ಒಂದು ಮೂಲೆ ತಾಗಿಯೇ ತಾಗುತ್ತಿತ್ತು.

ಅವಳು ಗೋಡೆಯನ್ನು ಬಿಟ್ಟು ಹಿಂದಕ್ಕೆ ಸರಿದಳು. ಅಂಗಳದ ಅಂಚಿನವರೆಗೂ ಸರಿದು ನೋಡಿದಳು. ಅಲ್ಲಿಂದ ಗುಡಿ ದುಂಡಗೆ ಕಾಣುತ್ತಿತ್ತು. ಆ ದುಂಡು ಗೋಡೆಯಲ್ಲಿ ಎಲ್ಲಿಯೂ ಇರಲಿಲ್ಲ. ಯಾವ ಕಲ್ಲೂ ಅದನ್ನು ಮುಟ್ಟಿರಲಿಲ್ಲ. ಆದರೆ ಎಲ್ಲ ಕಲ್ಲುಗಳೂ ಅದರ ಕಡೆಗೇ ಹೊರಟಿದ್ದವು. ಅದನ್ನು ದುಂಡು ಎಂದು ಕರೆಯಲು ಒಂದು ಮೂಲೆಯನ್ನೂ ಒಡೆಯಬೇಕಾಗಿರಲಿಲ್ಲ.

“ಎಷ್ಟಾದ್ವು ಮೂಲಿ?” ಎಂದು ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿದಳು.

“ಎಣಿಸಲಿಲ್ಲ ಆಯಿ,” ಎಂದಳು ಶಿವರಂಜನಿ.

ಶನಿವಾರ ತರಗತಿಯಲ್ಲಿ ಶಾಹಬಾಜರು ಪಾಠಕ್ಕೆ ಮೊದಲು ಒಂದು ಮಾತು ಹೇಳಿದರು. “‘ಎಚ್ ಸೊನ್ನಿ ಹಾಕ್ರಿ’ ಅಂತ ನಾ ಹೇಳಿದ್ದು ಅಡ್ಡದಾರಿ. ನೀವೆಲ್ಲಾರೂ ಸುಮ್ನ ಒಪ್ಪಿಕೊಂಡ್ರಿ. ಒಬ್ಬಾಕಿ ಒಪ್ಪಲಿಲ್ಲ. ಒಪ್ಪಲಾರದಾಕಿನ್ನ ನೋಡಿ ನಕ್ರಿ.” ಆಮೇಲೆ ಸುಣ್ಣದ ಕಡ್ಡಿಯನ್ನು ಮುಂದೆ ಚಾಚಿದರು. “ಶಿವರಂಜನಿ, ಬರತೀ ಏನು?”

ಅವಳು ಹಲಗೆಯ ಮುಂದೆ ನಿಂತಳು. ಎಕ್ಸ್‌ನ ವರ್ಗವನ್ನು ತೆಗೆದುಕೊಂಡಳು. ಮೊದಲ ಸಾಲಿನ ಮುಂದೆ ‘ಲಿಮಿಟ್’ ಎಂದು ಬರೆದಳು. ಎರಡನೆಯ ಸಾಲಿನ ಮುಂದೆಯೂ ಬರೆದಳು. ಭಾಗಿಸಿದ ಸಾಲಿನ ಮುಂದೆಯೂ ಬರೆದಳು. ಅಲ್ಲಿ ‘ಎರಡು ಎಕ್ಸ್ ಕೂಡಿಸು ಎಚ್’ ಎಂದು ಬಂದಿತು. ಅವಳ ಕೈ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ನಗೆ ತಡೆದುಕೊಂಡ ಸದ್ದಾಯಿತು. ಅವಳಿಗೆ ಸಂಜೆಯ ಬೆಳಕಿನಲ್ಲಿ ದುಂಡಗೆ ನಿಂತ ಗುಡಿ ನೆನಪಾಯಿತು. ಕೆಳಗಿನ ಸಾಲಿನಲ್ಲಿ, ‘ಲಿಮಿಟ್’ ಎಂಬುದನ್ನೂ ಎಚ್ ಅನ್ನೂ ಒಟ್ಟಿಗೇ ಬಿಟ್ಟು, ‘ಎರಡು ಎಕ್ಸ್’ ಎಂದು ಬರೆದು ಸರಿದು ನಿಂತಳು.

“ಅಂತೂ ಎಚ್ ಅನ್ನೂ ಬಾಲ ಹೋತಲ್ಲಪಾ!” ಎಂದನು ವೀರು.

“ಹೋಗಿಲ್ಲೋ,” ಎಂದಳು ಶಿವರಂಜನಿ, ಅವನ ಕಡೆಗೆ ಪೂರ್ತಿ ತಿರುಗಿ. “ಅದು ಎಲ್ಲಿಗೆ ಹೊಂಟಿತ್ತಂತ ಬರದೀನಿ. ನಿನ್ನ ಪೇಪರಿನ್ಯಾಗ ಲಿಮಿಟ್ ಎಲ್ಲೈತಿ ತೋರಸು ನೋಡೂಣು.”

ವೀರು ತನ್ನ ಪತ್ರಿಕೆಯನ್ನು ತಿರುವಿ ನೋಡಿ, ಸದ್ದಿಲ್ಲದೆ ಮಡಚಿದನು. ಈ ಸಲ ತರಗತಿಯ ನಗೆ ಅವನ ಪಾಲಿಗೆ ಬಂದಿತು. ಅವನೂ ಸೇರಿಯೇ ನಕ್ಕನು.

ತರಗತಿ ಮುಗಿದ ಮೇಲೆ ಶಾಹಬಾಜರು ಅರ್ಜಿಯನ್ನು ಹೊರತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ ಹಿಡಿದರು. ಕೊಟ್ಟ ಮಾತನ್ನು ಅವರು ಮರೆತಿರಲಿಲ್ಲ.

“ಸಹಿ?”

“ಬ್ಯಾಡ್ರಿ ಸರ್.”

“ಮೊದಲ ಪರೀಕ್ಷಾದ ಮಾರ್ಕ್ಸ್ ಹಂಗ ಉಳೀತಾವ ಮತ್ತ. ಅವನ್ನ ತಿದ್ದಾಕ ಬರೂದಿಲ್ಲ.”

“ಉಳೀಲಿ ಬಿಡ್ರಿ,” ಎಂದಳು. ಅರ್ಜಿಯನ್ನು ತೆಗೆದುಕೊಂಡು, ಅದರ ಬೆನ್ನಿನ ಖಾಲಿ ಮಗ್ಗುಲಲ್ಲಿ ಮುಂದಿನ ಪಾಠದ ಲೆಕ್ಕಗಳನ್ನು ಬರೆದುಕೊಂಡಳು.

ಆ ಸಂಜೆ ಗಿರಣಿಯಿಂದ ಹೊಸ ಹಿಟ್ಟು ಬಂದಿತ್ತು. ಇನ್ನೂ ಬೆಚ್ಚಗಿದ್ದ ಅದನ್ನು ಆರಲು ಬಿಟ್ಟು, ಅಜ್ಜಿ ಮೊಮ್ಮಗಳು ಕೂಡಿ ಡಬ್ಬಿಯೊಳಗಿನ ಹಳೆಯ ಹಿಡಿಯ ಮೇಲೆ ಸುರಿದರು. ಹಿಟ್ಟಿನ ಧೂಳು ಇಬ್ಬರ ರೆಪ್ಪೆಗಳ ಮೇಲೂ ಕುಳಿತಿತು.

“ಏನಾತು ನಿನ್ನ ಎಚ್‌ದು? ಹೊರಗ ಹಾಕಿ ಬಂದಿಯೇನು?” ಎಂದು ಸುಮಿತ್ರವ್ವ ಕೇಳಿದಳು.

“ಇಲ್ಲ ಆಯಿ. ಅದು ಹೋಗೂ ಊರ ಯಾವುದಂತ ಕೇಳಿ, ಕಳಿಸಿ ಬಂದೆ.”

ಸುಮಿತ್ರವ್ವ ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಅಂಗೈ ಊರಿ ಎದ್ದಳು.

“ಹಂಗಾದ್ರ ಬುತ್ತಿ ಕಟ್ಟಿ ಕಳಿಸಬೇಕಿಲ್ಲೇನ, ಹುಚ್ಚಿ!” ಎಂದಳು.